ನಮ್ಮೋರು ಎಂಬ ಹೆಸರಿನ ಗಂಡಸರು

ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಗೋಡೆಯ ಈಚೆ ನನ್ನ ಹೊಲಿಗೆ ಅಂಗಡಿ, ಆಚೆ ಶಾಂಭವಿಯ ಫೋಟೋ ಸ್ಟುಡಿಯೋ. ಗೋಡೆ ತೆಳು. ನನ್ನ ಮಿಷನ್ನಿನ ಸದ್ದು ಅವಳು ಕೇಳಬೇಕು, ಅವಳ ನಗು ನಾನು ಕೇಳಬೇಕು. ಅವಳ ಬಗ್ಗೆ ಬರೆಯುತ್ತೇನೆ ಎಂದಾಗ, "ನನ್ ಬಗ್ಗೆ ಬರಿಯಾಕೆ ಏನದ ಸುಧಾಮಣಕ್ಕ, ಸುಮ್ನೆ ರವ್ಕೆ ಒಲೀರಿ" ಎಂದಳು. ಹಾಗೆ ಹೇಳಿದ್ದಕ್ಕೇ ಬರೆಯುತ್ತಿದ್ದೇನೆ. ಯಾರಾದರೂ ಬೇಡ ಎಂದರೆ ನನ್ನ ಕೈ ಸುಮ್ಮನಿರುವುದಿಲ್ಲ.

ಸ್ಟುಡಿಯೋ ಇಟ್ಟವರು ಅವಳ ಮಾವ ರುದ್ರಸ್ವಾಮಿ. ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಪಣಕಹಳ್ಳಿ, ತಾಳಮಲೆ, ಹಾಸನೂರು ಎಂದು ಅಲೆದ ಮನುಷ್ಯ. ಸಂತೆಗೆ ಬಂದವರೂ ಅವರ ಬಣ್ಣದ ಪರದೆಯ ಮುಂದೆ ನಿಂತು ಪಟ ತೆಗೆಸಿಕೊಳ್ಳುತ್ತಿದ್ದರು. ತೆಗೆಸಿಕೊಂಡವರಲ್ಲಿ ಎಷ್ಟೋ ಜನ ತಿರುಗಿ ಬರುತ್ತಿರಲಿಲ್ಲ. ಕೆಲವರು ಮರೆತರು, ಕೆಲವರು ಊರು ಬಿಟ್ಟರು, ಕೆಲವರು ಸತ್ತರು. ರುದ್ರಸ್ವಾಮಿ ಒಂದು ಪಟವನ್ನೂ ಎಸೆಯಲಿಲ್ಲ, ಒಂದರ ಮೇಲೂ ಹೆಸರು ಬರೆಯಲಿಲ್ಲ. "ಮೊಕ ನೋಡಿದ್ರೆ ಗೊತ್ತಾಗಲ್ವ?" ಎನ್ನುತ್ತಿದ್ದರು. ಅವರಿಗೆ ಗೊತ್ತಾಗುತ್ತಿತ್ತು. ಅವರು ತೀರಿಕೊಂಡ ಮೇಲೆ ಟ್ರಂಕಿನ ತುಂಬ ಮುಖಗಳು ಉಳಿದವು, ಯಾರು ಯಾರೆಂದು ಹೇಳುವವರು ಉಳಿಯಲಿಲ್ಲ.

ಮಗ ಪ್ರಭುಸ್ವಾಮಿ ಮದುವೆ ವಿಡಿಯೋಗಳ ಹಿಂದೆ ಬಿದ್ದಿದ್ದ. ಟ್ರಂಕು ಸೊಸೆಯ ಪಾಲಿಗೆ ಬಂತು. ತೇವಕ್ಕೆ ಪಟಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ನೋಡಿ ಅವಳಿಗೆ ಸಂಕಟ. ತೊಂಬತ್ತೆಂಟರಲ್ಲಿ ಗಂಡನ ಬೆನ್ನು ಬಿದ್ದು ಹಳೆಯದೊಂದು ಕಂಪ್ಯೂಟರ್ ತರಿಸಿದಳು. ಅದರಲ್ಲಿ ಫೋಟೋ ಆಲ್ಬಮ್ಮಿನ ಪ್ರೋಗ್ರಾಮ್ ಒಂದಿತ್ತು. ಆಮೇಲೆ ಈರೋಡಿನಿಂದ ಸ್ಕ್ಯಾನರ್ ಬಂತು, ಅದೂ ಯಾರೋ ಬಳಸಿ ಬಿಟ್ಟದ್ದು.

ಪಟವನ್ನು ಕವುಚಿ ಹಾಕಿ ಮುಚ್ಚಳ ಮುಚ್ಚಿದರೆ ಅದು ಕಂಪ್ಯೂಟರಿನಲ್ಲಿ ಕಾಣಬೇಕಿತ್ತು. ಕಾಣಲಿಲ್ಲ. ಆಲ್ಬಮ್ಮು ಸ್ಕ್ಯಾನರ್ ಇಲ್ಲವೇ ಇಲ್ಲ ಎಂದು ಸಾಧಿಸಿತು. ಪಕ್ಕದಲ್ಲೇ ದೀಪ ಉರಿಸಿಕೊಂಡು ಕೂತಿದೆ, ಇಲ್ಲ ಎನ್ನುತ್ತದಲ್ಲ! ನನ್ನ ಹೊಲಿಗೆ ಮಿಷನ್ ಹೀಗೆ ಮಾಡಿದ್ದರೆ ಬೀದಿಗೆ ಎಸೆಯುತ್ತಿದ್ದೆ. ಸತ್ಯಮಂಗಲದಿಂದ ಬಂದ ರಿಪೇರಿಯವನು ಕೇಬಲ್ ಕಿತ್ತು ಹಾಕಿ, ಹಾಕಿ ಕಿತ್ತು, ಕೊನೆಗೆ "ಸೆಟ್ ಆಗಾದುಮ್ಮಾ" ಎಂದು ತಮಿಳಿನಲ್ಲಿ ಕೈಚೆಲ್ಲಿದ. ಆ ಆಲ್ಬಮ್ಮು ಬೇರೆ ಬೇರೆ ಸ್ಕ್ಯಾನರುಗಳನ್ನು ಗುರುತಿಸುತ್ತದೆ, ಇದನ್ನಲ್ಲ. ಇದು ನಡೆಯಬೇಕಾದರೆ ಇದರದೇ ಸಿ.ಡಿ. ಬೇಕು ಎಂದು ಬಿಡಿಸಿ ಹೇಳಿದ. ಸಿ.ಡಿ. ಈರೋಡಿನಲ್ಲೇ ಉಳಿದಿತ್ತು.

"ಅವೆರಡ್ಕೂ ಮಾತುಕತೆ ಇಲ್ದಿದ್ರೆ ಏನೀಗ? ಮಾತು ಬುಟ್ಟ ಓರಗಿತ್ತೀರು ಒಂದೇ ಮನೇಲಿ ಬೇಯಿಸ್ಕೊಂಡು ಉಣ್ಣಲ್ವ?" ಎಂದು ಶಾಂಭವಿ ಘಟ್ಟ ಇಳಿಯುವ ಬಸ್ ಹತ್ತಿದಳು. ತಿರುವು ತಿರುವಿಗೂ ವಾಂತಿ ಮಾಡಿಕೊಂಡು ಹೋಗಿ ಸಿ.ಡಿ. ತಂದಳು. ಅಂದಿನಿಂದ ಸ್ಕ್ಯಾನರಿನ ಸ್ವಂತ ಪ್ರೋಗ್ರಾಮಿನಲ್ಲಿ ಪಟ ತೆಗೆದು ಉಳಿಸುವುದು, ಆಮೇಲೆ ಅದನ್ನು ಆಲ್ಬಮ್ಮಿಗೆ ಸಾಗಿಸುವುದು. ಓರಗಿತ್ತಿಯರ ನಡುವೆ ಸುದ್ದಿ ಮುಟ್ಟಿಸುವ ಕೆಲಸ ಇವಳದು.

ಆಲ್ಬಮ್ಮಿನಲ್ಲಿ ಪ್ರತಿ ಪಟದ ಕೆಳಗೆ ತುಂಬಬೇಕಾದ ಜಾಗಗಳಿದ್ದವು. ಯಾರು, ಎಲ್ಲಿ, ಯಾವಾಗ. 'ಯಾವಾಗ' ಎಂಬಲ್ಲಿ ಕಂಪ್ಯೂಟರ್ ತಾನೇ ಸ್ಕ್ಯಾನ್ ಮಾಡಿದ ದಿನವನ್ನು ಹಾಕಿಬಿಡುತ್ತಿತ್ತು. ಎಂದೋ ಮಣ್ಣಾದ ಮುದುಕರೆಲ್ಲ ಮೊನ್ನೆ ಬಂದು ಪಟಕ್ಕೆ ನಿಂತ ಹಾಗೆ. ಶಾಂಭವಿಗೆ ಸರಿಬರಲಿಲ್ಲ, ಒಂದೊಂದನ್ನೂ ಅಳಿಸಿ ಅಂದಾಜಿನ ವರ್ಷ ಹಾಕಿದಳು. 'ಎಲ್ಲಿ' ಎಂಬುದಕ್ಕೆ ಹಿಂದಿನ ಪರದೆ ನೋಡಿ ಸ್ಟುಡಿಯೋ ಎಂದು ಹಾಕಿದಳು. 'ಯಾರು' ಎಂಬುದಕ್ಕೆ ಸಂತೆಯ ದಿನ ಹೆಂಗಸರನ್ನು ಕರೆದು ಕೂರಿಸಿದಳು. ಅವರು ಹೇಳಬೇಕು, ಇವಳು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಬೇಕು. ಕನ್ನಡ ಆ ಪ್ರೋಗ್ರಾಮಿಗೆ ಬರುತ್ತಿರಲಿಲ್ಲ.

ಹೆಂಗಸರು ಬಂದರು, ಗುರುತಿಸಿದರು, ಅತ್ತರು, ನಕ್ಕರು. ಆದರೆ ನಮ್ಮ ಕಡೆ ಗಂಡನ ಹೆಸರು ಹೇಳುವ ಹೆಂಗಸು ಎಲ್ಲಿದ್ದಾಳೆ? ನಾನೊಬ್ಬಳು ನನ್ನ ಗಂಡ ಬೀರೇಶನನ್ನು ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗುತ್ತೇನೆ, ಅದಕ್ಕೇ ನಾನು ಬಜಾರಿ ಎನಿಸಿಕೊಂಡಿದ್ದೇನೆ. ಮಿಕ್ಕವರೆಲ್ಲ ಸೆರಗನ್ನು ಬಾಯಿಗಿಟ್ಟು "ನಮ್ಮೋರು ಕಣವ್ವ" ಎನ್ನುವವರೇ. ಶಾಂಭವಿಯೂ ಅಂಥದೇ ಮನೆಯ ಸೊಸೆ, ಅವಳ ಕಿವಿಗೆ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ. ಹೇಳಿದ ಹಾಗೆಯೇ ಕುಟ್ಟಿದಳು: ನಮ್ಮೋರು. ಕಂಪ್ಯೂಟರ್ ಅವರೆಲ್ಲ ಒಂದೇ ಮನುಷ್ಯನೆಂದು ತಿಳಿದು ಒಂದೇ ಕಡೆ ಗುಡ್ಡೆ ಹಾಕಿತು.

ಪಣಕಹಳ್ಳಿಯ ರಾಚಮ್ಮ ಬಂದದ್ದು ಆ ದಿನಗಳಲ್ಲೇ. ತಾಳಮಲೆಗೆ ಮದುವೆಯಾಗಿ ಹೋಗಿ, ಮಗಳು ತೊಟ್ಟಿಲಲ್ಲಿದ್ದಾಗಲೇ ಗಂಡನನ್ನು ಜ್ವರಕ್ಕೆ ಕಳೆದುಕೊಂಡು, ತವರಿಗೆ ಬಂದು ಹೊಲಗೆಯ್ದು ಮಗಳನ್ನು ಬೆಳೆಸಿದವರು. ಮನೆಯಲ್ಲಿ ಗಂಡನ ಒಂದು ಪಟವೂ ಇರಲಿಲ್ಲ. ಸ್ಟುಡಿಯೋದಲ್ಲಿ ಗಂಡನ ಮುಖ ಕಂಡು ಪಟವನ್ನು ಸೆರಗಿನಿಂದ ಒರೆಸಿದರು. ತೆಗೆದುಕೊಂಡು ಹೋಗಿ ಎಂದರೆ ಒಪ್ಪಲಿಲ್ಲ. "ಸಂತೆ ಚೀಲ್ದಲ್ಲಿ ಈರುಳ್ಳಿ ಜೊತೆ ಕರ್ಕೊಂಡೋಗ್ಲಾ? ಮಗ್ಳ ಮದ್ವೆ ಗೊತ್ತಾಗ್ಲಿ. ಊವಿನಾರ ತಂದು, ಪಟಕ್ಕಾಕಿ ಕರ್ಕೊಂಡೋಯ್ತಿನಿ" ಎಂದರು. ಶಾಂಭವಿ ಆಗಲಿ ಎಂದು ಮಾತು ಕೊಟ್ಟಳು. ಕುಟ್ಟಿದ್ದು ಮಾತ್ರ ನಮ್ಮೋರು.

ಆ ಮಳೆಗಾಲ ಸ್ಟುಡಿಯೋದ ಹೆಂಚು ಸರಿದು ಟ್ರಂಕಿಗೆ ನೀರಿಳಿಯಿತು. ಪಟಗಳೆಲ್ಲ ಅಂಟಿ ಮುದ್ದೆಯಾದವು. ಕಂಪ್ಯೂಟರಿನೊಳಗೆ ಹೋಗಿದ್ದವು ಮಾತ್ರ ಉಳಿದವು.

ಮರುವರ್ಷ ಒಂದು ಮಧ್ಯಾಹ್ನ ರಾಚಮ್ಮನ ಮಗಳು ಸಹನ ಬಾಳೆಲೆಯಲ್ಲಿ ಸುತ್ತಿದ ಹಾರ ಹಿಡಿದು ಬಂದಳು. ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಅವಳ ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಕವಿದು ಏನೂ ಕಾಣುತ್ತಿರಲಿಲ್ಲ. ಮದುವೆ ಮುಗಿಸಿ ಕೊಯಮತ್ತೂರಿಗೆ ಆಪರೇಶನ್ನಿಗೆ ಹೋಗುವುದೆಂದಾಗಿತ್ತು.

"ನಮ್ಮಪ್ಪುನ್ ಪಟ ಕೊಡಿ ಅಕ್ಕ. ನಾನು ಅಪ್ಪುನ್ ಮೊಕಾನೇ ಕಂಡಿಲ್ಲ. ಧಾರೆ ಒತ್ನಲ್ಲಾದ್ರೂ ಎದ್ರುಗಿರ್ಲಿ" ಎಂದಳು.

ಹೆಸರು ದೊಡ್ಡಬೀರಯ್ಯ. ಶಾಂಭವಿ ಕುಟ್ಟಿದಳು. ತಾತನ ಹೆಸರು ಮೊಮ್ಮಗನಿಗಿಡುವ ನಾಡಿನಲ್ಲಿ ದೊಡ್ಡಬೀರಯ್ಯಂದಿರಿಗೆ ಬರವೇ? ಕಂಪ್ಯೂಟರಿನ ಪರದೆಗೆ ಬಂದವರೆಲ್ಲ ಬೇರೆ ಊರಿನ, ಹಲ್ಲಿಲ್ಲದ ಅಜ್ಜಂದಿರು. ಆಗ ಶಾಂಭವಿಗೆ ಹೊಳೆಯಿತು, ಮುಖ ಸಣ್ಣದಾಯಿತು. ನಮ್ಮೋರು ಎಂದು ಕುಟ್ಟಿದಳು. ಪರದೆಯ ತುಂಬ ಗಂಡಸರು. ರಾಚಮ್ಮ ಬಂದ ದಿನದಿಂದ ಹುಡುಕೋಣವೆಂದರೆ ಆ ತಾರೀಕುಗಳನ್ನು ತಾನೇ ಅಳಿಸಿ ಸರಿಮಾಡಿದ್ದಳು.

ಸಹನ ಒಬ್ಬೊಬ್ಬರನ್ನೂ ನೋಡಿದಳು. ಒಬ್ಬೊಬ್ಬರ ಮುಂದೆಯೂ ತನ್ನ ಮೂಗು ಮುಟ್ಟಿ ನೋಡಿಕೊಂಡಳು. ಮರುದಿನ ಅವಳ ಸೋದರಮಾವ ಬಂದು ಮೊದಲು ಇವರೇ ಎಂದ, ಆಮೇಲೆ ಅಲ್ಲ, ಅವರು ಎಂದ. ಅವನು ಬೆರಳಿಟ್ಟವರಲ್ಲೊಬ್ಬರು ಹಾಸನೂರಿನಲ್ಲಿ ಇನ್ನೂ ಗಟ್ಟಿಮುಟ್ಟಾಗಿ ರಾಗಿ ಮುದ್ದೆ ಉಣ್ಣುತ್ತಿದ್ದಾರೆ! ಬದುಕಿರುವ ಮನುಷ್ಯನಿಗೆ ಹಾರ ಹಾಕಿಸುತ್ತಿದ್ದ ಪುಣ್ಯಾತ್ಮ.

"ಅವ್ವುನ್ ಕರ್ಕೊಂಡ್ ಬಾ" ಎಂದಳು ಶಾಂಭವಿ.

"ಅವ್ವುಂಗೆ ಕಾಣಲ್ವಲ್ಲ ಅಕ್ಕ."

"ನಿಂಗೆ ಕಾಣ್ತದಲ್ಲ. ನೀನು ನೋಡಿ ಏಳು, ಅವ್ರು ಕೇಳಿ ಏಳ್ಲಿ."

ರಾಚಮ್ಮ ಬಂದ ದಿನ ನಾನು ಅಂಗಡಿಗೆ ಬಾಗಿಲೆಳೆದು ಹೋಗಿ ಕೂತೆ. ಸಹನ ಒಂದೊಂದೇ ಪಟ ನೋಡಿ ಹೇಳತೊಡಗಿದಳು. ಮೀಸೆ ಇದೆ ಎಂದರೆ ರಾಚಮ್ಮ ಊಂ, ಇತ್ತು ಎಂದರು. ಹೆಗಲ ಮೇಲೆ ಟವಲು ಎಂದರೆ ಊಂ, ಇತ್ತು ಎಂದರು. ಮೀಸೆ, ಟವಲು ಇಲ್ಲದ ಗಂಡಸು ಆ ಗುಡ್ಡೆಯಲ್ಲಿ ಒಬ್ಬನೂ ಇರಲಿಲ್ಲ. ನನ್ನ ತಾಳ್ಮೆ ಕೆಟ್ಟಿತು.

"ಅಲ್ಲ ರಾಚಕ್ಕ, ಸಂಸಾರ ಮಾಡಿದ್ ಗಂಡುನ್ ಮೊಕ್ದಲ್ಲಿ ಮೀಸೆ ಬುಟ್ರೆ ಇನ್ನೇನೂ ಕಾಣ್ನಿಲ್ವ ನಿಮ್ಗೆ?"

"ಅತ್ತೆ ಮಾವ ಇದ್ದ ಮನೇಲಿ ತಲೆ ಎತ್ತಿ ನೋಡಿದ್ದೇ ವಸಿ ಕಣವ್ವ" ಎಂದರು ರಾಚಮ್ಮ. "ನೋಡೋ ಕಾಲ ಬರೋದ್ರೊಳ್ಗೆ ಓಗ್ಬುಟ್ರು."

ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ. ಶಾಂಭವಿ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ರಾಚಮ್ಮನ ಕೈ ಹಿಡಿದು, "ಮೊಕ ಬುಡಿ. ಪಟ ತೆಗ್ಸಿದ್ ದಿನ ಏನೇನಾಯ್ತು, ಅದ ಏಳಿ" ಎಂದಳು.

ರಾಚಮ್ಮನ ಮುಖ ಸಡಿಲವಾಯಿತು. "ಇದೇ ಜಾಗ ಕಣವ್ವ. ಇವ್ಳ ಎತ್ಕೊಂಡು ನಾನು ಕ್ಯಾಮ್ರ ಪಕ್ಕದಲ್ಲಿ ನಿಂತಿದ್ದಿ. ಮಿಸುಕ್ಬ್ಯಾಡ, ಇತ್ಲಾಗೆ ನೋಡು ಅಂತ ರುದ್ರಸ್ವಾಮ್ಯೋರು ಏಳ್ತಾನೇ ಅವ್ರೆ. ಇವ್ಳು ಕಿಟಾರ್ ಅಂತ ಕಿರುಚುದ್ಲು. ನಮ್ಮೋರು ತಿರುಗ್ಬುಟ್ರು. ಅಷ್ಟೊತ್ಗೆ ತೆಗ್ದಾಗಿತ್ತು. ಕೆಟ್ಟೋಯ್ತು, ಇನ್ನೊಂದು ತೆಗೀತಿನಿ ಅಂದ್ರು. ಬಸ್ಸು ಆರನ್ ಒಡೀತು, ಓಡ್ಬುಟ್ಟೊ."

ಸಹನ ಪರದೆಗೆ ತಿರುಗಿದಳು. ರುದ್ರಸ್ವಾಮಿ ಗದರಿಸಿ ನಿಲ್ಲಿಸಿದ ಗಂಡಸರೆಲ್ಲ ಮೇಷ್ಟ್ರ ಎದುರು ನಿಂತವರ ಹಾಗೆ ನೆಟ್ಟಗೆ ನೋಡುತ್ತಿದ್ದರು. ಕೆಳಗಿನ ಸಾಲಿನಲ್ಲಿ ಒಬ್ಬರು ಮಾತ್ರ ಕತ್ತು ತಿರುಗಿಸಿದ್ದರು. ಅವರ ಒಂದು ಕೈ ಅರ್ಧ ಎದ್ದಿತ್ತು.

"ಒಬ್ರು ಪಕ್ಕುಕ್ಕೆ ನೋಡ್ತಾವ್ರೆ ಅವ್ವ" ಎಂದಳು.

"ಬಾಯಿ?"

"ವಸಿ ತೆಗ್ದದ."

"ಅಳ್ಬ್ಯಾಡ ಕೂಸೆ ಅಂತಿದ್ರು" ಎಂದರು ರಾಚಮ್ಮ. "ನಿನ್ನೇ ನೋಡ್ತಿದ್ದುದು ಕಣವ್ವ."

ಸಹನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಾವೆಲ್ಲರೂ ಅತ್ತೆವು, ಅದರಲ್ಲಿ ಮುಚ್ಚಿಡುವುದೇನಿದೆ? ಆಮೇಲೆ ಶಾಂಭವಿ ಕೀಬೋರ್ಡನ್ನು ಸಹನಳ ಮುಂದೆ ಸರಿಸಿದಳು. ಅವಳು ಒಂದೊಂದೇ ಅಕ್ಷರ ಹುಡುಕಿ ದೊಡ್ಡಬೀರಯ್ಯ ಎಂದು ಕುಟ್ಟಿದಳು. ನಮ್ಮೋರು ಎಂಬುದನ್ನು ಅಳಿಸಲು ರಾಚಮ್ಮ ಬಿಡಲಿಲ್ಲ. ಎರಡೂ ಉಳಿದವು.

ಮಿಕ್ಕ ನಮ್ಮೋರುಗಳಿಗೂ ಹೆಸರು ಕೂಡಿಸುವ ಕೆಲಸ ಈಗ ನಡೆದಿದೆ. ಅವರ ಹೆಂಡತಿಯರು ಸಂತೆಗೆ ಬಂದಾಗ ಶಾಂಭವಿ ಗೋಡೆ ಬಡಿಯುತ್ತಾಳೆ. "ಸುಧಾಮಣಕ್ಕ, ಇವ್ರ್ ಯಜಮಾನ್ರ ಎಸ್ರೇನು?" ನಾನು ಇಲ್ಲಿಂದಲೇ ಕೂಗುತ್ತೇನೆ. ಊರವರ ಗಂಡಂದಿರ ಹೆಸರನ್ನೆಲ್ಲ ನಾನೇ ಕೂಗಬೇಕೆಂದು ನನ್ನ ಹಣೆಯಲ್ಲಿ ಬರೆದಿದೆ.

ಶಾಂಭವಿ ದೊಡ್ಡಬೀರಯ್ಯನವರ ಪಟವನ್ನು ಆಗಲೇ ಫ್ಲಾಪಿಯಲ್ಲಿ ಹಾಕಿ ಮೈಸೂರಿಗೆ ಕಳಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದಳು. ರಾಚಮ್ಮ ಹೊಸ ಹಾರ ತಂದು, ತಾವೇ ತಡವಿ ತಡವಿ ಹಾಕಿ, ಗಂಡನನ್ನು ಮಡಿಲಲ್ಲಿಟ್ಟುಕೊಂಡು ಪಣಕಹಳ್ಳಿ ಬಸ್ಸಿನಲ್ಲಿ ಕೂತರು.

ಧಾರೆಯ ದಿನ ಸೋದರಮಾವ ಪಟವನ್ನು ಕುರ್ಚಿಯ ಮೇಲಿಟ್ಟು ಚಪ್ಪರದ ನಡುವೆ, ಬಂದವರಿಗೆಲ್ಲ ಕಾಣುವ ಹಾಗೆ ನಿಲ್ಲಿಸಿದ್ದ. ರಾಚಮ್ಮ ಶಾಂಭವಿಯ ಕೈ ಹಿಡಿದು ಬಂದು, "ಯಾವ್ ಕಡೀಕೆ ನೋಡ್ತಾವ್ರೆ?" ಎಂದು ಕೇಳಿದರು. ಬಾಗಿಲ ಕಡೆಗೆ ಎಂದಳು ಶಾಂಭವಿ. ರಾಚಮ್ಮ ಬಗ್ಗಿ ಕುರ್ಚಿಯ ಕಾಲು ಹಿಡಿದು ತಿರುಗಿಸಿದರು. ಇನ್ನೊಂದಿಷ್ಟು ತಿರುಗಿಸಿದರು. ಹಸೆಮಣೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದ ಸಹನ ತಲೆಯೆತ್ತಿ ನೋಡುತ್ತಿದ್ದಳು.

"ಸಾಕು ಅವ್ವ" ಎಂದಳು. "ಈಗ ಅಪ್ಪ ನನ್ನೇ ನೋಡ್ತಾವ್ನೆ."

ರಾಚಮ್ಮ ಕುರ್ಚಿ ಬಿಟ್ಟು ಪಕ್ಕದಲ್ಲಿ ಕೂತರು. ಧಾರೆ ಶುರುವಾಯಿತು.