ಬೋರಾನ್ ಬಳಿ ಇಳಿದ ಗೆರೆ

ಹೋದ ತಿಂಗಳು ದೇವದುರ್ಗದ ಬಸ್ ನಿಲ್ದಾಣದಲ್ಲಿ ಯಾರೋ ನನ್ನ ಕಾಲ ಬಳಿಯೇ ತಂಬಾಕಿನ ರಸ ಉಗುಳಿದರು. ಸುಣ್ಣ, ತಂಬಾಕು, ಎಂಜಲು ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮ ಕೆಮಿಸ್ಟ್ರಿ ಸರ್ ನೆನಪಾದರು.

ಎಂಬತ್ತರ ದಶಕ. ರಾಯಚೂರಿನಲ್ಲಿ ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಸರ್ ಬಾಯಲ್ಲಿ ಸದಾ ತಂಬಾಕು ಇರುತ್ತಿತ್ತು. ಅದನ್ನು ಪ್ರಯೋಗಾಲಯದ ಸಿಂಕಿಗೇ ಉಗುಳುವರು. ಬೇಸಿಗೆಯಲ್ಲಿ ನಲ್ಲಿಗೆ ನೀರು ಬರುತ್ತಿರಲಿಲ್ಲ, ಉಗುಳಿದ್ದು ಅಲ್ಲಿಯೇ ಒಣಗಿ ಕೂಡುತ್ತಿತ್ತು. ನಾವು ಪರೀಕ್ಷಾ ನಳಿಕೆ ತೊಳೆಯಬೇಕಾದದ್ದೂ ಅದೇ ಸಿಂಕಿನಲ್ಲಿ. ಥೂ, ಈಗಲೂ ನೆನೆದರೆ ಅನ್ನ ಸೇರುವುದಿಲ್ಲ.

ಅವರ ಬೀರುವಿನಲ್ಲಿ ಒಂದು ‘ಮಾಡಲ್ ರೆಕಾರ್ಡ್’ ಇತ್ತು. ಎಂದೋ ಯಾರೋ ಬರೆದದ್ದು. ಪ್ರತಿವರ್ಷ ಎಲ್ಲರೂ ಅದನ್ನು ನೋಡಿಯೇ ಬರೆಯಬೇಕು, ಆಗಲೇ ಸಹಿ. ಸಹಿ ಇಲ್ಲದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂಡಿಸುವುದಿಲ್ಲ.

ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳು ಮಾನ್ವಿ ಕಡೆಯ ಹಿರೇಕೊಟ್ನೆಕಲ್‌ನವಳು. ಅವ್ವ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದಳು. ಅವರ ಓಣಿಯಿಂದ ಕಾಲೇಜು ಕಂಡ ಮೊದಲ ಹುಡುಗಿ ಇವಳೇ. ಈ ಸಲ ಪಾಸಾದರೆ ಟಿ.ಸಿ.ಎಚ್. ಓದಿ ಟೀಚರ್ ಆಗುವುದು, ಇಲ್ಲವಾದರೆ ಮದುವೆ ಎಂದು ಅಣ್ಣ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

ಆವರ್ತ ಕೋಷ್ಟಕದ ಪಾಠಕ್ಕೆ ಒಂದು ಗ್ರಾಫು ಬರೆಯುವುದಿತ್ತು. ಲಿಥಿಯಮ್‌ನಿಂದ ನಿಯಾನ್‌ವರೆಗೆ ಎಂಟು ಮೂಲವಸ್ತುಗಳು. ಅಡ್ಡಕ್ಕೆ ಪರಮಾಣು ಸಂಖ್ಯೆ, ಉದ್ದಕ್ಕೆ ಒಂದು ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದ ಶಕ್ತಿ. ಮಾಡಲ್ ರೆಕಾರ್ಡಿನಲ್ಲಿ ಗೆರೆ ಏರುತ್ತಲೇ ಹೋಗಿತ್ತು, ಎಲ್ಲೂ ಬಾಗಿರಲಿಲ್ಲ. ಆದರೆ ಪುಸ್ತಕದ ಅಂಕಿಗಳನ್ನು ಒಂದೊಂದಾಗಿ ಗುರುತಿಸಿದರೆ ಬೋರಾನ್ ಬಳಿ ಗೆರೆ ಕೆಳಗಿಳಿಯುತ್ತದೆ, ಆಕ್ಸಿಜನ್ ಬಳಿ ಇನ್ನೊಮ್ಮೆ. ನನಗೂ ಹಾಗೆಯೇ ಬಂದಿತ್ತು. ಮಾಡಲ್ ನೋಡಿದ್ದೇ ರಬ್ಬರ್ ತೆಗೆದುಕೊಂಡು ಅಳಿಸಿದೆ. ಅವಳು ಅಳಿಸಲಿಲ್ಲ.

ಸರ್ ಅವಳ ಹಾಳೆ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. “ಏನಿದು, ಎತ್ತು ಉಚ್ಚಿ ಹೊಯ್ದಂಗ ಗೆರಿ ಹಾಕೀದಿ?”

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ.

“ಪುಸ್ತಕದಾಗಿನ ಅಂಕಿನೇ ಹಂಗ ಅದಾವ್ರೀ ಸರ್, ನೀವ ನೋಡ್ರಿ,” ಎಂದಳು.

ಅವರು ನೋಡಲಿಲ್ಲ. ಹಾಳೆ ಹರಿದು, ಮುದ್ದೆ ಮಾಡಿ, ಆ ಸಿಂಕಿಗೆ ಎಸೆದು, ಮೇಲೆ ಉಗುಳಿದರು. ಆಮೇಲೆ ನನ್ನ ಕಡೆ ತಿರುಗಿ, “ನೀ ಹೇಳವ್ವಾ, ಯಾವುದು ಬರೋಬ್ಬರಿ ಅದ?” ಎಂದರು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಅಳಿಸಿದ್ದು ಅವಳಿಗೆ ಗೊತ್ತಿತ್ತು...

“ಮಾಡಲ್ ರೆಕಾರ್ಡಿಂದೇ ರೀ ಸರ್,” ಎಂದೆ.

ಎಲ್ಲರೂ ಹೋದ ಮೇಲೆ ಅವಳು ಸಿಂಕಿಗೆ ಕೈ ಹಾಕಿ ಆ ಹಾಳೆ ತೆಗೆದಳು. ಕೊಡದ ತಳದಲ್ಲಿದ್ದ ನೀರಿನಲ್ಲಿ ಅದ್ದಿ, ಕಿಟಕಿಯಲ್ಲಿ ಒಣಗಿಸಿದಳು. “ಅಳಿಸಿ ಬ್ಯಾರೆ ಬರಿ ಲೇ, ಸಹಿ ಆಗ್ತದ,” ಎಂದೆ. “ಇದ್ದದ್ದನ್ನ ಹೆಂಗ ಅಳಿಸಲಿ?” ಎಂದಳು, ಅಷ್ಟೇ. ಮರುದಿನ ಕಂದು ಕಲೆಯ ಅದೇ ಹಾಳೆಯನ್ನು ಅಂಟಿಸಿಕೊಂಡು ಬಂದಳು. ಸರ್ ಸಹಿ ಮಾಡಲಿಲ್ಲ. ಪರೀಕ್ಷೆಯ ದಿನ ಪ್ರಯೋಗಾಲಯದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ನೋಡಿದಾಗ ಇರಲಿಲ್ಲ. ಆ ಬೇಸಿಗೆಯಲ್ಲೇ ಮದುವೆಯಾಯಿತಂತೆ.

ನಾನು ಪಾಸಾದೆ. ಮುಂದೆ ಕೆಮಿಸ್ಟ್ರಿಯನ್ನೇ ಓದಿ ಉಪನ್ಯಾಸಕಿಯಾದೆ. ಬೋರಾನ್ ಯಾಕೆ ಇಳಿಯುತ್ತದೆ, ಅದರ ಹೊರಗಿನ ಎಲೆಕ್ಟ್ರಾನ್ ಯಾಕೆ ಸಲೀಸಾಗಿ ಕಳಚುತ್ತದೆ ಎಂದು ವರ್ಷವರ್ಷವೂ ಪಾಠ ಮಾಡಿದೆ. ಒಮ್ಮೆ ಮೌಲ್ಯಮಾಪನದಲ್ಲಿ ಸರ್ ನನ್ನ ಪಕ್ಕದಲ್ಲೇ ಕೂತರು. ಉತ್ತರಪತ್ರಿಕೆಯೊಂದರಲ್ಲಿ ಅದೇ ಗ್ರಾಫು ಬಂತು. ಅವರು ಅದನ್ನು ನೋಡಿ, “ಆ ಹಿರೇಕೊಟ್ನೆಕಲ್ ಹುಡುಗೀದು ಖರೇ ಇತ್ತವ್ವಾ. ನನಗ ಅವತ್ತೇ ಗೊತ್ತಿತ್ತು,” ಎಂದರು.

“ಮತ್ಯಾಕ್ರೀ ಸರ್?”

“ಆಕೀದು ಖರೇ ಅಂದ್ರ, ಅಷ್ಟು ವರ್ಷ ನಾ ಸಹಿ ಮಾಡಿದ್ದೆಲ್ಲ ಸುಳ್ಳಾಗ್ತಿತ್ತಲ್ಲ,” ಎಂದು ನಕ್ಕು ತಂಬಾಕು ತಿಕ್ಕತೊಡಗಿದರು. ಹೇಸಿಗೆಯಾಯಿತು. ಒಂದು ಹುಡುಗಿಯ ಬಾಳು ಹಾಳುಮಾಡಿ ಇಷ್ಟು ಹಗುರಾಗಿ ನಗುತ್ತಾನಲ್ಲ ಈ ಮನುಷ್ಯ ಎನಿಸಿತು. ಏನು ಮಾಡಿದೆ ನಾನು? ಅವರಿಗೆ ಚಹಾ ತರಿಸಿದೆ.

ದೇವದುರ್ಗದಿಂದ ಬಂದ ವಾರಕ್ಕೇ ಸರ್ ತೀರಿಕೊಂಡ ಸುದ್ದಿ ಬಂತು. ಹಳೆಯ ವಿದ್ಯಾರ್ಥಿಗಳು ಶ್ರದ್ಧಾಂಜಲಿ ಸಭೆ ಸೇರಿಸಿ ಮಾತಾಡಲು ನನ್ನನ್ನೇ ಮೊದಲು ಕರೆದರು. ಆ ಹಾಳೆಯ ಕಥೆ ಹೇಳಿಯೇಬಿಡಬೇಕು ಎಂದುಕೊಂಡು ಎದ್ದೆ. ಎದುರಿಗೆ ಅವರ ಮಗಳು ಕೂತಿದ್ದಳು. ಶಿಸ್ತಿನ ಮನುಷ್ಯ, ನಮ್ಮ ಕೈ ತಿದ್ದಿದವರು ಎಂದೆಲ್ಲ ಹೇಳಿ ಕೂತೆ. ಚಪ್ಪಾಳೆ ಬಿತ್ತು. ಅವರ ಮೇಲೆ ಇಷ್ಟು ವರ್ಷ ಪಟ್ಟ ಅಸಹ್ಯದಲ್ಲಿ ಅರ್ಧ ನನ್ನದೇ ಎಂದು ಅಲ್ಲಿ ಕೂತಾಗ ತಿಳಿಯಿತು.

ಆ ಹಿರೇಕೊಟ್ನೆಕಲ್ ಹುಡುಗಿ ಇದ್ದಾಳೋ ಇಲ್ಲವೋ ಗೊತ್ತಿಲ್ಲ... ಗೆಳತಿಯನ್ನು ಕಳೆದುಕೊಂಡೆ ಎಂದು ಹೇಳಿಕೊಳ್ಳುವ ಮುಖವೂ ನನಗಿಲ್ಲ, ಬಿಟ್ಟುಕೊಟ್ಟವಳು ನಾನೇ. ಮಾನ್ವಿಯ ಬಸ್ಸು ದಿನವೂ ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ಇಷ್ಟು ವರ್ಷದಲ್ಲಿ ಅವಳ ಊರಿಗೆಂದು ನಾನು ಒಂದು ಸಲವೂ ಅದನ್ನು ಹತ್ತಲಿಲ್ಲ.