ಎಡಗಡೆ ಹೆಡ್ ಇದೆಯಾ?

ಮೊಂಡಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದೀಗ ಬ್ಯಾಂಕಿನ ಪುಸ್ತಕದಲ್ಲಿ ಬಿಟ್ಟರೆ ಎಲ್ಲಿಯೂ ಉಳಿದಿಲ್ಲ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ ಇಪ್ಪತ್ತಾರು ದಿನದ ಮುಷ್ಕರ ನಡೆಯಿತು. ಮುಷ್ಕರ ಮುರಿದುಬಿದ್ದ ಮೇಲೆ ಆಡಳಿತದವರು ಎಲ್ಲರ ಮುಂದೆ ಒಂದೊಂದು ಕ್ಷಮಾಪಣೆ ಪತ್ರ ಇಟ್ಟರು. ರುಜು ಹಾಕಿದವನಿಗೆ ಕೆಲಸ, ಹಾಕದವನಿಗೆ ಗೇಟು. ಹೆಚ್ಚಿನವರು ಹಾಕಿದರು. ಮನೆಯಲ್ಲಿ ಒಲೆ ಉರಿಯಬೇಕಿತ್ತು, ಅವರನ್ನು ಬೈದು ಫಲವಿಲ್ಲ. ಇವನು ಮಾತ್ರ "ತಪ್ಪೇ ಮಾಡಿಲ್ಲ, ಯಾಕ್ರೀ ಹಾಕ್ಲಿ?" ಎಂದು ಪೆನ್ನನ್ನು ಮೇಜಿನ ಮೇಲಿಟ್ಟು ನಡೆದ. ಅಂದಿನಿಂದ ಮೊಂಡಣ್ಣ.

ಗ್ಯಾರೇಜುಗಳ ಓಣಿಯ ಕೊನೆಯಲ್ಲಿ ಒಂದು ತಗಡಿನ ಶೆಡ್ ಹಾಕಿಕೊಂಡ. ಹೊಸ ಕಾರುಗಳನ್ನು ಕಂಪ್ಯೂಟರ್ ಚುಚ್ಚಿ ನೋಡುವ ಗ್ಯಾರೇಜುಗಳು ಮುಂದಿನ ಸಾಲಿನಲ್ಲಿದ್ದವು. ಇವನ ಪಾಲಿಗೆ ಬಂದದ್ದು ಮುದಿ ಕಾರುಗಳು. ಅವು ಕೆಮ್ಮುವುದನ್ನು ಕೇಳಿಯೇ ಎದೆಯಲ್ಲೋ ಗಂಟಲಲ್ಲೋ ಎಂದು ಹೇಳುತ್ತಿದ್ದ. ಶೆಡ್ಡಿನ ಇನ್ನರ್ಧದಲ್ಲಿ ಹೆಂಡತಿ ಅವೇ ಕಾರುಗಳ ಸೀಟು ಹೊಲಿಯುತ್ತಿದ್ದಳು. ಅವಳ ಸೂಜಿಗಿಂತ ಮಾತು ಚೂಪು ಎಂದು ಓಣಿಯೆಲ್ಲ ಹೇಳುತ್ತಿತ್ತು. ಚುಚ್ಚಿಸಿಕೊಂಡವರೇ ಹೇಳುತ್ತಿದ್ದರು.

ನಿವೃತ್ತಿಯಾದ ನರ್ಸಮ್ಮ ತನ್ನ ಕರಿ ಕಾರನ್ನು ಬಿಟ್ಟುಹೋದದ್ದು ಬರೀ ಬ್ರೇಕ್ ಸರಿಮಾಡಲಿಕ್ಕೆ. ಆ ಕಾರಿನ ವಯಸ್ಸು ಅರವತ್ತರ ಹತ್ತಿರ, ಅದನ್ನು ಮಾಡಿದ ಕಂಪನಿ ಮುಚ್ಚಿಯೇ ಮೂವತ್ತು ವರ್ಷ. "ತಂಗಿ ಮನೆಗೆ ಹೋಗ್ತಿದ್ದೀನಿ, ಹತ್ತು ದಿನ ಬಿಟ್ಟು ಬರ್ತೀನಪ್ಪಾ" ಎಂದಿದ್ದಳು. ಬ್ರೇಕ್ ಎರಡೇ ದಿನದಲ್ಲಿ ಸರಿಯಾಯಿತು. ನೋಡೋಣವೆಂದು ಮೊಂಡಣ್ಣ ಒಂದು ಸುತ್ತು ಓಡಿಸಿದ. ಏರಿನಲ್ಲಿ ರೇಡಿಯೇಟರ್ ಕುದಿಯಿತು. ಶೆಡ್ಡಿಗೆ ತಂದವನೇ, ಎಂಜಿನ್ ಆರಲು ಅರ್ಧ ಗಂಟೆ ಬಿಡಬೇಕಾದವನು, ಊಟದ ಹೊತ್ತಾಯಿತೆಂದು ನಲ್ಲಿಯ ತಣ್ಣೀರು ಸುರಿದ. ಒಳಗಿಂದ 'ಟಕ್' ಎಂದಿತು.

ಆ ಸದ್ದು ಏನೆಂದು ಅವನಿಗೆ ಗೊತ್ತಿತ್ತು. ಸಿಲಿಂಡರ್ ಹೆಡ್ ಬಿರುಕು ಬಿಟ್ಟಿತ್ತು. ಎಂಜಿನ್ನಿನ ತಲೆಯ ಮೇಲೆ ಕೂರುವ ಎರಕದ ಕಬ್ಬಿಣದ ದಪ್ಪ ಮುಚ್ಚಳ ಅದು. ಬಿಚ್ಚಿ ನೋಡಿದರೆ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ ಕೂದಲೆಳೆಯಷ್ಟು ಗೆರೆ. ಕಾದ ಎಂಜಿನ್ನಿಗೆ ತಣ್ಣೀರು ಹಾಕಬಾರದೆಂದು ಮೂವತ್ತು ವರ್ಷದಿಂದ ಗಿರಾಕಿಗಳನ್ನು ಬೈದವನ ಕೈಯಿಂದಲೇ ಆದ ಕೆಲಸ.

ನರ್ಸಮ್ಮನಿಗೆ ಫೋನ್ ಮಾಡಿ ಹೇಳಿದ್ದರೆ ಆಗುತ್ತಿತ್ತು. ಓಣಿಯ ವೆಲ್ಡರ್ ಹತ್ತಿರ ಹೋಗಿದ್ದರೂ ಆಗುತ್ತಿತ್ತು, ಎರಕದ ಕಬ್ಬಿಣ ಬೆಸೆಯುವುದರಲ್ಲಿ ಅವನನ್ನು ಮೀರಿದವರಿಲ್ಲ. ಆದರೆ ಆ ಮುದುಕ ಹೇಗಾಯಿತೆಂದು ಕೇಳದೆ ಬೆಂಕಿ ಹೊತ್ತಿಸುವವನಲ್ಲ, ಕೇಳಿದ್ದನ್ನು ಓಣಿಗೆ ಹಂಚದೆ ಬಿಡುವವನೂ ಅಲ್ಲ. ತಪ್ಪಿಲ್ಲದಾಗ ತಲೆ ಬಾಗದೆ ಹೆಸರು ಗಳಿಸಿದವನಿಗೆ, ತಪ್ಪಿದ್ದಾಗ ಹೇಗೆ ಬಾಗಬೇಕೆಂದು ಗೊತ್ತಿರಲಿಲ್ಲ. ಯಾರಿಗೂ ತಿಳಿಯದಂತೆ ಬೇರೆ ಹೆಡ್ ತಂದು ಕೂರಿಸಿಬಿಟ್ಟರೆ ಮುಗಿಯಿತು ಎಂದುಕೊಂಡ. ನರ್ಸಮ್ಮ ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಗುಜರಿ ಅಂಗಡಿಗಳಲ್ಲಿ ಸಿಗಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕೇಬಿಟ್ಟಿತು. ಹಳೆ ಕಾರುಗಳ ಬಿಡಿಭಾಗ ಮಾರುವವನು, ಅದೇ ಕಾರಿನ ಹೆಡ್, ಬಿರುಕಿಲ್ಲ, ಬೆಲೆ ಅರ್ಧಕ್ಕರ್ಧ ಕಡಿಮೆ. ಫೋಟೋ ನಾಲ್ಕು. ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜಿಗೆ ಮಾತ್ರ ಕ್ಷಣದಲ್ಲಿ ಉತ್ತರ. "ಸಾರ್, ಇನ್ನೊಬ್ಬರು ಕೇಳ್ತಿದ್ದಾರೆ. ಇವತ್ತು ಮಧ್ಯಾಹ್ನದೊಳಗೆ ಪೂರ್ತಿ ದುಡ್ಡು ಹಾಕಿದರೆ ನಿಮಗೆ." ಹೆಡ್ ಒಡೆದು ಎಂಟು ದಿನ ಕಳೆದಿದ್ದವು, ನರ್ಸಮ್ಮ ಬರುವ ದಿನ ಹತ್ತಿರವಾಗಿತ್ತು. ಬೇರೆ ಹೊತ್ತಿನಲ್ಲಾಗಿದ್ದರೆ ಮೊಂಡಣ್ಣ ಇಂಥವನನ್ನು ಶೆಡ್ಡಿನ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಈಗ ಅವನ ಮೆಸೇಜಿಗೇ ಕಾದು ಕುಳಿತಿದ್ದ.

ತೊಂದರೆಯೆಂದರೆ ದುಡ್ಡೆಲ್ಲ ಇದ್ದದ್ದು ಹೆಂಡತಿಯ ಫೋನಿನಲ್ಲಿ, ಅವಳ ಹೊಸ ಹೊಲಿಗೆ ಯಂತ್ರಕ್ಕೆಂದು.

"ಲೇ, ಒಂದು ನಂಬರಿಗೆ ದುಡ್ಡು ಹಾಕ್ಬೇಕಿತ್ತು. ನರ್ಸಮ್ಮನ ಕಾರಿಗೆ."

"ಅವರ ಕಾರಿಗೆ ನಾವ್ಯಾಕೆ ಹಾಕೋದು?"

"ಆಮೇಲೆ ಕೊಡ್ತಾರೆ."

"ಬ್ರೇಕ್ ಅಂದ್ರಲ್ಲ. ಬ್ರೇಕಿಗೆ ಇಷ್ಟು ದುಡ್ಡಾ? ಚಿನ್ನದ ಬ್ರೇಕಾ?"

ಮೊಂಡಣ್ಣ ಕಾರಿನ ಕಡೆ ನೋಡಿದ. ಅವಳೂ ನೋಡಿದಳು. ಬಾನೆಟ್ಟಿನ ಮೇಲೆ ಎಂಟು ದಿನದಿಂದ ಹೊದಿಸಿದ್ದ ಚಾದರವನ್ನು ಎತ್ತಿದಳು. ಎಂಜಿನ್ನಿಗೆ ತಲೆಯಿರಲಿಲ್ಲ.

"ತಣ್ಣೀರು ಹಾಕಿದ್ರಾ?"

ಮೊಂಡಣ್ಣ ಸ್ಪ್ಯಾನರ್ ಒರೆಸತೊಡಗಿದ.

"ಹಾಕಿದ್ರಿ. ಅದಕ್ಕೇ ಎಂಟು ದಿನದಿಂದ ಊಟದಲ್ಲಿ ಉಪ್ಪಿದೆಯೋ ಇಲ್ಲವೋ ಅಂತ ಗೊತ್ತಾಗ್ತಿಲ್ಲ ನಿಮಗೆ." ಬೈಯುತ್ತಾಳೆಂದು ಅವನು ಕಾದ. ಅವಳು ಕೈ ಚಾಚಿದಳು. "ಕೊಡಿ ಇಲ್ಲಿ, ಯಾರವನು ನೋಡ್ತೀನಿ."

ಫೋಟೋಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿದಳು. ಬಟ್ಟೆಯ ಎಳೆ ನೋಡಿ ನೋಡಿ ಪಳಗಿದ ಕಣ್ಣು. "ಇದರಲ್ಲಿ ಸಿಮೆಂಟ್ ನೆಲ. ಇದರಲ್ಲಿ ಮರದ ಮೇಜು. ಇದರಲ್ಲಿ ಹುಲ್ಲು. ಇವನ ಹೆಡ್ ಏನು ಪ್ರವಾಸ ಹೋಗಿತ್ತಾ?"

"ಅಂಗಡಿ ದೊಡ್ಡದಿರಬಹುದು ಕಣೇ."

"ಇರಲಿ. ಒಂದು ಪರೀಕ್ಷೆ ಮಾಡ್ತೀನಿ" ಎನ್ನುತ್ತ ಅವಳೇ ಮೆಸೇಜ್ ಒತ್ತಿದಳು. "ನಮಗೆ ಎಡಗಡೆ ಹೆಡ್ ಬೇಕು. ನಿಮ್ಮದು ಎಡಗಡೆಯದಾ, ಬಲಗಡೆಯದಾ?"

ಮೊಂಡಣ್ಣನ ಮುಖ ಕೆಂಪೇರಿತು. ಅದು ಡಿಪೋದ ಹಳೆಯ ಕೀಟಲೆ. ಹೊಸದಾಗಿ ಸೇರಿದವನನ್ನು "ಹೋಗಿ ಎಡಗಡೆ ಹೆಡ್ ತಗೊಂಡು ಬಾ" ಎಂದು ಸ್ಟೋರಿಗೆ ಅಟ್ಟುತ್ತಿದ್ದರು. ನಾಲ್ಕು ಸಿಲಿಂಡರೂ ಒಂದೇ ಸಾಲಿನಲ್ಲಿ ನಿಂತಿರುವ ಎಂಜಿನ್ನಿಗೆ ಹೆಡ್ ಒಂದೇ, ಅದಕ್ಕೆ ಎಡ ಬಲ ಎಲ್ಲಿಂದ ಬರಬೇಕು? ಸ್ಟೋರಿನವನು ಪೇಂಟ್ ಸೆಕ್ಷನ್ನಿಗೆ ಕಳಿಸುವನು, ಪೇಂಟಿನವನು ಟೈರಿನವನ ಹತ್ತಿರ. ಮೊಂಡಣ್ಣ ತನ್ನ ಮೊದಲ ದಿನ ಮೂರು ಗಂಟೆ ಅಲೆದಿದ್ದ. ಮದುವೆಯಾದ ಹೊಸತರಲ್ಲಿ ಇದನ್ನು ಹೆಂಡತಿಗೆ ಹೇಳಿ ನಗಿಸಿದ್ದ. ಯಾಕಾದರೂ ಹೇಳಿದೆನೋ ಎಂದು ಎಷ್ಟೋ ಸಲ ಪಶ್ಚಾತ್ತಾಪ ಪಟ್ಟಿದ್ದ.

ಉತ್ತರ ಬಂತು. "ಸಾರ್, ಎಡಗಡೆಯದೂ ಇದೆ, ಬಲಗಡೆಯದೂ ಇದೆ. ಜೋಡಿ ತಗೊಂಡರೆ ರಿಯಾಯಿತಿ."

ಇಬ್ಬರೂ ಅದನ್ನು ಎರಡೆರಡು ಸಲ ಓದಿದರು. ಆಮೇಲೆ ಅವಳಿಗೆ ನಗು ಬಂತು, ಅವಳನ್ನು ನೋಡಿ ಅವನಿಗೂ. ಹೊಟ್ಟೆ ಹಿಡಿದುಕೊಂಡು ಹಲಗೆಯ ಮೇಲೆ ಕುಳಿತ. ಎಂಟು ದಿನದಿಂದ ಎದೆಯ ಮೇಲಿದ್ದ ಎಂಜಿನ್ ಇಳಿದಂತಾಯಿತು.

"ಜೋಡಿಯಂತೆ! ಎಮ್ಮೆಗೆ ಎರಡು ತಲೆ ಮಾರ್ತಾನೆ ನನ್ಮಗ!"

"ಕೊಳ್ಳೋಕೆ ನೀವೂ ಹೊರಟಿದ್ರಲ್ಲ. ಕದ್ದು ಮುಚ್ಚಿ ಕೊಳ್ಳೋಕೆ ಹೋದವನನ್ನೇ ಇಂಥವರು ಹುಡುಕೋದು. ಅಂಥವನು ಬೇರೆ ಯಾರನ್ನೂ ಕೇಳೋ ಹಾಗಿಲ್ಲ ನೋಡಿ." ಅವಳು ಆ ನಂಬರನ್ನು ಬ್ಲಾಕ್ ಮಾಡಿ ಫೋನನ್ನು ಅವನ ಕೈಗೆ ತುರುಕಿದಳು. "ಈಗ ನರ್ಸಮ್ಮನಿಗೆ ಹಚ್ಚಿ. ನನ್ನೆದುರಿಗೇ."

ಆ ಕಡೆಯಿಂದ ಎರಡನೆಯ ರಿಂಗಿಗೇ ದನಿ ಬಂತು. "ಅಬ್ಬಾ! ಬದುಕಿದ್ದೀಯೇನಪ್ಪಾ?"

"ಅಮ್ಮಾ, ಕಾರಿನ ಹೆಡ್ ಒಡೀತು. ಒಡೆದವನು ನಾನೇ. ಕಾದ ಎಂಜಿನ್ನಿಗೆ ತಣ್ಣೀರು ಹಾಕಿದೆ. ತಪ್ಪಾಯ್ತು."

ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು.

"ಅಷ್ಟೇನಾ? ಅಯ್ಯೋ ಪುಣ್ಯಾತ್ಮ! ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಕಾರನ್ನ ಯಾರಿಗೋ ಮಾರಿ ಓಡಿಹೋದೆ ಅಂದ್ಕೊಂಡಿದ್ದೆ. ತಂಗಿ ಪೊಲೀಸರಿಗೆ ಹೇಳು ಅಂತಿದ್ದಳು. ನಾಳೆ ಬೆಳಗ್ಗೆ ಬಸ್ಸಿಗೆ ಟಿಕೆಟ್ ಮಾಡ್ಸಿದ್ದೀನಿ ನಾನು!"

"ಮಾರೋದಾ? ಅಮ್ಮಾ, ನಾನಾ?"

"ಮತ್ತೆ ನೀನು ಬಾಯಿ ಬಿಡದಿದ್ರೆ ನಾನೇನು ಕನಸು ಕಾಣ್ಲಾ? ಬೆಸೆಯೋಕೆ ಆಗುತ್ತಾ?"

"ಆಗುತ್ತೆ. ವಾರ ಹಿಡಿಯುತ್ತೆ. ಖರ್ಚು ನಂದು."

"ನಿಂದೇ ಮತ್ತೆ. ನಂದು ಅಂತೀನಿ ಅಂದ್ಕೊಂಡ್ಯಾ? ಟಿಕೆಟ್ ವಾಪಸ್ ಮಾಡ್ತೀನಿ, ಇನ್ನೊಂದು ವಾರ ಇಲ್ಲೇ ಆರಾಮಾಗಿ ಇರ್ತೀನಿ. ಫೋನ್ ಮಾತ್ರ ಎತ್ತು."

ಮೊಂಡಣ್ಣ ಒಡೆದ ಹೆಡ್ಡನ್ನು ಹೆಗಲಿಗೇರಿಸಿದ. ಮಟಮಟ ಮಧ್ಯಾಹ್ನ, ಓಣಿಯ ಅಷ್ಟೂ ಜನ ಬಾಗಿಲಲ್ಲಿದ್ದರು. ಟೈರ್ ಅಂಗಡಿಯವನು ಏನಾಯಿತೆಂದು ಕೇಳಿದ, ಹೇಳಿದ. ಪೇಂಟರ್ ಕೇಳಿದ, ಅವನಿಗೂ ಹೇಳಿದ. ಮೂರನೆಯವನಿಗೆ ಹೇಳುವ ಹೊತ್ತಿಗೆ ನಾಲಗೆ ಸಲೀಸಾಗಿತ್ತು.

ವೆಲ್ಡರ್ ಮುದುಕ ಬಿರುಕಿನ ಮೇಲೆ ಉಗುರು ಎಳೆದು ನೋಡಿದ.

"ತಣ್ಣೀರಾ?"

"ತಣ್ಣೀರು."

"ಯಾರು ಹಾಕಿದ್ದು?"

"ನಾನೇ."

ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿ, "ಬಾ, ಇದ್ದಿಲು ಹೊರು. ಮೊದಲು ಕಬ್ಬಿಣ ನಿಧಾನ ಕಾಯಬೇಕು, ಬೆಸೆದ ಮೇಲೆ ಬೂದಿಯಲ್ಲಿ ಒಂದು ದಿನ ನಿಧಾನ ಆರಬೇಕು. ಅವಸರ ಮಾಡಿದ್ರೆ ಇಲ್ಲೂ ಒಡೆಯುತ್ತೆ" ಎಂದ. ಮೊಂಡಣ್ಣ ಅಂಗಿಯ ತೋಳು ಮಡಚಿ ಇದ್ದಿಲಿನ ಚೀಲಕ್ಕೆ ಕೈ ಹಾಕಿದ.