ಷಡ್ಡಕನ ಫಿರಂಗಿ ಬಿಲ್ಲೆ

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಇರುವುದೊಂದೇ ಕಾಯಿಲೆ, ಹೊಟ್ಟೆಕಿಚ್ಚು. ಅದೂ ಊರವರೆಲ್ಲರ ಮೇಲೆ ಅಲ್ಲ, ನನ್ನ ತಂಗಿ ಮೀನಾಳ ಗಂಡ ಕದಿರಪ್ಪನ ಮೇಲೆ ಮಾತ್ರ.

ಷಡ್ಡಕರೆಂದ ಮೇಲೆ ಒಳಗೊಳಗೇ ಅಳೆದು ನೋಡುವುದು ಇದ್ದದ್ದೇ. ಇವರದು ಸ್ವಲ್ಪ ಜಾಸ್ತಿ. ನಮ್ಮ ಮದುವೆಯಲ್ಲಿ ನಮ್ಮಪ್ಪ ಅಳಿಯನ ಕೈಗೆ ಒಂದು ವಾಚು ಕಟ್ಟಿದ್ದರು. ಮೀನಾಳ ಮದುವೆ ಹೊತ್ತಿಗೆ ಅಪ್ಪನ ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು, ಕದಿರಪ್ಪನಿಗೆ ಬೈಕು ಕೊಡಿಸಿದರು. ಆ ಬೈಕು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಇವರ ಹೊಟ್ಟೆಯೊಳಗೆ ಮಾತ್ರ ಇನ್ನೂ ಓಡುತ್ತಲೇ ಇದೆ.

ಇವರ ಹೆಸರು ವೆಂಕಟೇಶಪ್ಪ, ಬಂಗಾರಪೇಟೆ ಪಕ್ಕದ ಹಳ್ಳಿಯವರು. ವಯಸ್ಸಿನಲ್ಲಿ ಮಿಲಿಟರಿ ಭರ್ತಿಗೆ ಹೋಗಿ, ಓಟದಲ್ಲಿ ಪಾಸಾಗಿ, ಎದೆಯ ಅಳತೆಯಲ್ಲಿ ಫೇಲಾಗಿ ಬಂದವರು. ಆಮೇಲೆ ರಾಬರ್ಟ್‌ಸನ್‌ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟರು. ಬೆಳಗ್ಗೆ ಬಂಗಾರಪೇಟೆಯಿಂದ ರೈಲು, ಸಂಜೆ ಅದೇ ರೈಲಿನಲ್ಲಿ ಮನೆಗೆ. ಚಿನ್ನದ ಗಣಿ ಮುಚ್ಚಿದ ಮೇಲೆ ಗಣಿ ಕೆಲಸದವರ ಲೈನ್ ಮನೆಗಳ ಜನ ಹಳೆ ಹಿತ್ತಾಳೆ ತಂದು ತೂಕಕ್ಕೆ ಹಾಕಿ ಹೊಸ ಸ್ಟೀಲ್ ಪಾತ್ರೆ ಒಯ್ಯುತ್ತಿದ್ದರು. ಒಂದು ದಿನ ಹಾಗೆ ಬಂದ ಸೊಟ್ಟ ಚೊಂಬಿನೊಳಗೆ, ಸಿಪಾಯಿಗಳು ಟೋಪಿಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯೊಂದು ಸಿಕ್ಕಿತು. ಮೇಲೆ ಕಿರೀಟ, ನಡುವೆ ಚಕ್ರದ ಫಿರಂಗಿ. ಎದೆ ಸಾಲದೆಂದು ವಾಪಸ್ ಕಳಿಸಿದ್ದ ಪಟಾಲಮ್ಮು ತಾನಾಗಿ ಅಂಗಡಿಗೆ ಬಂತಲ್ಲ ಎಂದು ಅವತ್ತು ಖುಷಿಗೆ ಇವರಿಗೆ ಊಟವೂ ಸೇರಲಿಲ್ಲ.

ಅಲ್ಲಿಂದ ಶುರುವಾಯಿತು ಹುಚ್ಚು. ಫಿರಂಗಿ ದಳದ ಬಿಲ್ಲೆ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಕಿರೀಟ ಉಬ್ಬಿ ದುಂಡಗಿದ್ದರೆ ಬ್ರಿಟಿಷ್ ರಾಜನ ಕಾಲದ್ದು, ನಡುವೆ ತಗ್ಗಿದ್ದರೆ ರಾಣಿಯ ಕಾಲದ್ದು, ಕಿರೀಟದ ಜಾಗದಲ್ಲಿ ನಕ್ಷತ್ರವಿದ್ದರೆ ನಮ್ಮ ದೇಶದ್ದು. ಹಿಂದೆ ತಿರುವಿ ನೋಡಬೇಕು. ಅಚ್ಚೊತ್ತಿದ್ದಾದರೆ ಮುಂದಿನ ಉಬ್ಬೆಲ್ಲ ಹಿಂದೆ ತಗ್ಗಾಗಿ ಕಾಣುತ್ತದೆ, ಮರಳು ಮರಳಾಗಿದ್ದರೆ ಯಾರೋ ಎರಕ ಹೊಯ್ದ ನಕಲಿ. ಇಷ್ಟು ನನಗೂ ಬಾಯಿಪಾಠ. ಮುದ್ದೆ ಮುರಿಯುತ್ತಾ ಗಂಡ ದಿನಾ ಅದನ್ನೇ ಹೇಳುತ್ತಿದ್ದರೆ ಇನ್ನೇನಾದೀತು?

ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಬಿಲ್ಲೆಯನ್ನು ಬೆಳಗಬಾರದು. ಮೇಲೆ ಕೂತ ಕಪ್ಪೇ ಅದರ ವಯಸ್ಸಿಗೆ ಸಾಕ್ಷಿಯಂತೆ. ಒಂದು ಹಬ್ಬಕ್ಕೆ ದೀಪಗಳ ಜೊತೆ ಒಂದು ಬಿಲ್ಲೆಯನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟೆ. ಸೂರು ಹಾರುವ ಹಾಗೆ ಕೂಗಾಡಿ, ಆಮೇಲೆ ವಾರಗಟ್ಟಲೆ ನನ್ನ ಹತ್ತಿರ ಮಾತಾಡಲಿಲ್ಲ ಪುಣ್ಯಾತ್ಮ.

ಇಷ್ಟೆಲ್ಲ ಕೂಡಿಟ್ಟರೂ ಒಂದು ಆಸೆ ಉಳಿದುಬಿಟ್ಟಿತ್ತು. ಕೆಲವು ಆಫೀಸರುಗಳ ಬಿಲ್ಲೆಯಲ್ಲಿ ಫಿರಂಗಿಯ ಚಕ್ರವನ್ನು ಬೇರೆಯಾಗಿ ಮಾಡಿ ಸಣ್ಣ ಮೊಳೆಯಲ್ಲಿ ಕೂರಿಸಿರುತ್ತಾರಂತೆ, ಬೆರಳಿನಿಂದ ತಳ್ಳಿದರೆ ಗಿರ್ರನೆ ತಿರುಗುತ್ತದಂತೆ. ಅದೊಂದು ಸಿಕ್ಕರೆ ಸಾಕು, ಇನ್ನೇನೂ ಬೇಡ ಎನ್ನುತ್ತಿದ್ದರು. ಯಾವ ಬಿಲ್ಲೆ ಕೈಗೆ ಬಂದರೂ ಮೊದಲು ಹೆಬ್ಬೆರಳಿನಲ್ಲಿ ಚಕ್ರವನ್ನು ತಳ್ಳಿ ನೋಡುವುದೇ ಅಭ್ಯಾಸವಾಗಿತ್ತು.

ಹೋದ ಬೇಸಿಗೆಯಲ್ಲಿ ಗಣಿ ಕಾಲೋನಿ ಕೋರಮಂಡಲ್‌ನ ಮಾರಿಯಮ್ಮ ಎಂಬ ಮುದುಕಿ ಹೇಳಿ ಕಳಿಸಿದಳು. ಇವರು ಅವಳ ಮನೆಗೆ ಹೋದರೆ, ಅವಳ ಕೈಯಲ್ಲಿ ಹಸಿರು ಕಿಲುಬು ಹಿಡಿದ ಒಂದು ಬಿಲ್ಲೆ.

"ತಂಬೀ, ನಮ್ಮಪ್ಪ ಫಿರಂಗಿ ದೊರೆ ಹತ್ರ ಬಟ್ಲರ್ ಆಗಿದ್ರು. ದೊರೆ ಸೀಮೆಗೆ ಹೋಗೋವಾಗ ಕೊಟ್ಟಿದ್ದು ಇದು. ಒಂದು ಇಡ್ಲಿ ಪಾತ್ರೆ ಕೊಟ್ಬುಡು, ಸಾಕು."

ಇವರು ಚಕ್ರ ತಳ್ಳಿ ನೋಡಿದರು, ಅಲ್ಲಾಡಲಿಲ್ಲ. ಹಿಂದೆ ತಿರುವಿದರು, ಕಿಲುಬಿನಲ್ಲಿ ಏನೂ ಕಾಣಲಿಲ್ಲ. ಬಟ್ಲರ್ ಮನೆಗೆ ಆಫೀಸರ್ ಬಿಲ್ಲೆ ಎಲ್ಲಿಂದ ಬರಬೇಕು ಎಂದುಕೊಂಡು, ಬೇಡಮ್ಮಾ ಎಂದು ಎದ್ದು ಬಂದರು. ಅವತ್ತೇ ನನಗೆ ಹೇಳಿ ನಕ್ಕರು ಕೂಡ.

ಆ ಮನೆಗೆ ಬೇತಮಂಗಲದ ಕಡೆಯಿಂದ ಹಾಲು ಹಾಕುವವನು ಯಾರು? ನಮ್ಮ ಕದಿರಪ್ಪನೇ. ಅವನ ಬಾಯಿ ಒಳ್ಳೆಯದು, ಎಲ್ಲ ಮುದುಕಿಯರಿಗೂ ಅವನೆಂದರೆ ಪ್ರೀತಿ. ನೀನೇ ಇಟ್ಕೋಪ್ಪಾ ಎಂದು ಮಾರಿಯಮ್ಮ ಆ ಬಿಲ್ಲೆಯನ್ನು ಅವನ ಜೇಬಿಗೆ ಹಾಕಿದಳಂತೆ. ಅವನು ಅದನ್ನು ತಂದು ಇವರಿಗೆ ತೋರಿಸಿದ.

"ಇದಾ? ನಾನೇ ಬ್ಯಾಡ ಅಂದಿದ್ದು ಕಣಪ್ಪಾ. ಇಂಥವು ನನ್ ಹತ್ರ ಬೇಕಾದಷ್ಟವೆ" ಎಂದರು ಇವರು.

ಬಾಯಿ ಹಾಗೆಂದಿತು, ಅಷ್ಟೆ. ಆ ರಾತ್ರಿ ಊಟಕ್ಕೆ ಕೂತವರು, "ಅವನಿಗ್ಯಾಕೆ ಸುಮ್ನೆ ಕೊಟ್ಳು? ನನ್ ಹತ್ರ ಇಡ್ಲಿ ಪಾತ್ರೆ ಕೇಳಿದ್ಳಲ್ಲ?" ಎಂದು ಸಾರು ಆರುವ ತನಕ ಗೊಣಗಿದರು. ತಾನೇ ಬೇಡವೆಂದ ವಸ್ತುವಿನ ಮೇಲೂ ಹೊಟ್ಟೆ ಉರಿದುಕೊಳ್ಳುವ ಗಂಡಸನ್ನು ನಾನು ಇವರೊಬ್ಬರನ್ನೇ ಕಂಡಿದ್ದು.

ಈ ಸಲದ ಆಯುಧ ಪೂಜೆಗೆ ಮೀನಾ ಕರೆದಳು. ನಾವು ಹೋದಾಗ ಕದಿರಪ್ಪ ಹಾಲು ಕರೆಯುವ ಮಿಷನ್ ತೊಳೆಯುತ್ತಿದ್ದ. ಮೀನಾ ಹೊಸ ಸೀರೆಯಲ್ಲೇ ಬಚ್ಚಲ ಪಕ್ಕ ಕೂತು, ಬೇಸಿನ್ನಿನ ಹುಣಸೆ ನೀರಿಗೆ ದೀಪ, ಗಂಟೆ, ಆರತಿ ತಟ್ಟೆ ಎಲ್ಲ ಹಾಕುತ್ತಿದ್ದಳು. ಕೊನೆಗೆ ಆ ಬಿಲ್ಲೆಯನ್ನೂ ಎತ್ತಿಕೊಂಡಳು.

"ಅಕ್ಕಾ, ಇದ್ರಾಗೂ ಫಿರಂಗಿ ಐತಲ್ಲಾ? ಅದೂ ಆಯುಧವೇ ಅಲ್ವಾ? ಪೂಜೆಗಿಕ್ಕಾನ ಅಂತ."

ನಮ್ಮ ಯಜಮಾನರ ಬಾಯಿ ತೆರೆಯಿತು. ಆಮೇಲೆ ಮುಚ್ಚಿಕೊಂಡಿತು. ನಾನು ತಿಕ್ಕಿದಾಗ ಮನೆ ಸೂರು ಹಾರಿಸಿದ ಮನುಷ್ಯ, ಈಗ ಹಸುಗಳ ಕಡೆ ಮುಖ ತಿರುಗಿಸಿ ನಿಂತರು. ಷಡ್ಡಕನ ಬಿಲ್ಲೆ ಹಾಳಾಗಲಿ ಎಂಬುದು ಆ ಮುಖದ ಮೇಲೆ ಬರೆದ ಹಾಗಿತ್ತು. ನಾನಾದರೂ ಹೇಳಬಹುದಿತ್ತು. ಹಬ್ಬಕ್ಕೆ ನನಗೆ ಸೀರೆ ಬಂದಿರಲಿಲ್ಲ. ಮೀನಾಳ ಸೀರೆಯ ಅಂಚು ನೋಡುತ್ತಾ ನಾನೂ ಸುಮ್ಮನಿದ್ದೆ.

ಬಿಲ್ಲೆ ಚೆನ್ನಾಗಿ ನೆನೆಯಿತು. ಮೀನಾ ತೆಂಗಿನ ನಾರು ತೆಗೆದುಕೊಂಡು ಗಸಗಸ ತಿಕ್ಕಿದಳು. ಕಿಲುಬೆಲ್ಲ ಹಸಿರು ನೀರಾಗಿ ಇಳಿಯಿತು.

"ಅಯ್ಯೋ, ಗಾಲಿ ಅಲ್ಲಾಡ್ತೈತಕ್ಕಾ! ಮುರ್ದೋಯ್ತೇನೋ!" ಎಂದು ಕೂಗಿದಳು.

ಕದಿರಪ್ಪ ಓಡಿ ಬಂದು, ಬಿಲ್ಲೆಯನ್ನು ಲುಂಗಿಗೆ ಒರೆಸಿ, ಬೆರಳಿನಿಂದ ಮೀಟಿದ. ಚಕ್ರ ತಿರುಗಿತು. ಇನ್ನೊಂದು ಸಲ ಮೀಟಿದ, ಇನ್ನೂ ಜೋರಾಗಿ ತಿರುಗಿತು.

"ಅಣ್ಣಾ, ಇದು ತಿರುಗ್ತೈತೆ ನೋಡಣ್ಣಾ!"

ಇವರು ನೋಡಿದರು. ಮುಖ ಕರ್ರಗಾಯಿತು. ಇಷ್ಟು ವರ್ಷ ಹುಡುಕಿದ್ದು, ಒಂದು ಇಡ್ಲಿ ಪಾತ್ರೆಗೆ ಬರುತ್ತಿದ್ದದ್ದು, ಬೇಡವೆಂದು ಎದ್ದು ಬಂದದ್ದು, ಷಡ್ಡಕನ ಅಂಗೈಯಲ್ಲಿ ತಿರುಗುತ್ತಿತ್ತು. ಹಾಳಾಗಲೆಂದು ಸುಮ್ಮನಿರದೆ ಒಂದು ಮಾತು ಹೇಳಿ ತಡೆದಿದ್ದರೆ, ಅದು ಕಿಲುಬಿನೊಳಗೇ ಇರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆ ಕದಿರಪ್ಪನಾದರೂ ಒಂಚೂರು ಮೆರೆದಿದ್ದರೆ ಬಯ್ಯಲು ಅನುಕೂಲವಾಗುತ್ತಿತ್ತು. ಅವನು ಬಿಲ್ಲೆಯನ್ನು ಇವರ ಮುಂದೆ ಹಿಡಿದ.

"ನಂಗೇನ್ ಗೊತ್ತಾಯ್ತದಣ್ಣಾ ಇದೆಲ್ಲಾ. ನೀನೇ ಮಡೀಕಾ."

ಇವರ ಕೈ ಅರ್ಧದವರೆಗೆ ಬಂತು. ತಗೊಳ್ಳಿ, ತಗೊಂಡುಬಿಡಿ ಎಂದು ಮನಸ್ಸಿನಲ್ಲೇ ಕೂಗಿದೆ.

"ಬ್ಯಾಡಪ್ಪಾ. ತಿಕ್ಕಿದ್ ಬಿಲ್ಲೆಗೆ ಬೆಲೆ ಇಲ್ಲ" ಎಂದು ಕೈ ಹಿಂದಕ್ಕೆ ಎಳೆದುಕೊಂಡರು.

ಬಿಲ್ಲೆ ಮಿಷನ್ ಪಕ್ಕ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಚೆಂಡುಹೂವಿನ ನಡುವೆ ಕೂತಿತು. ಇವರು ಮಂಗಳಾರತಿ ತೆಗೆದುಕೊಂಡರು, ಪಾಯಸ ಮುಟ್ಟಲಿಲ್ಲ. ಬಸ್ಸಿನಲ್ಲಿ ಬರುವಾಗ ಮೀನಾಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಆ ಚಕ್ರ ತಿರುಗುವ ವಿಡಿಯೋ ಬಂತು. ಬಂಗಾರಪೇಟೆ ಬರುವವರೆಗೆ ಇವರು ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ನೋಡಿದರು. ನೋಡಿದವರ ಹೆಸರು ಮೀನಾಗೆ ಕಾಣುತ್ತದೆಂದು ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಅಂಗಡಿ ತೆಗೆಯಲಿಲ್ಲ. ಮಧ್ಯಾಹ್ನ ಹಿತ್ತಲಿಗೆ ಹೋಗಿ ನೋಡುತ್ತೇನೆ, ನಾನು ವರ್ಷಕ್ಕೆಂದು ಇಟ್ಟಿದ್ದ ಹುಣಸೆಹಣ್ಣೆಲ್ಲ ಬಕೆಟ್ಟಿನಲ್ಲಿದೆ. ಇವರು ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬಿಲ್ಲೆಗಳನ್ನು ಇಡುತ್ತಿದ್ದ ಮಖಮಲ್ಲಿನ ಪೆಟ್ಟಿಗೆ ಖಾಲಿಯಾಗಿ ಪಕ್ಕದಲ್ಲಿ ಬಿದ್ದಿದೆ. ರಾಜನ ಕಾಲದ್ದು, ರಾಣಿಯ ಕಾಲದ್ದು, ನಕ್ಷತ್ರದ್ದು, ಎಲ್ಲ ತಿಕ್ಕಿಸಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿನ್ನೆ ಮೊನ್ನೆ ಮಾಡಿದವುಗಳಂತೆ ಹೊಳೆಯುತ್ತಿದ್ದವು. ಒಂದರ ಚಕ್ರವೂ ತಿರುಗಿರಲಿಲ್ಲ. ಒಂದೇ ತಗಡಿನಲ್ಲಿ ಅಚ್ಚೊತ್ತಿದ ಚಕ್ರ ಏನು ಮಾಡಿದರೂ ತಿರುಗುವುದಿಲ್ಲ. ಅದು ನನಗೆ ಗೊತ್ತು, ನನಗೆ ಹೇಳಿಕೊಟ್ಟವರು ಅವರೇ.

ತಲೆ ಎತ್ತದೆ ಹೇಳಿದರು, "ಮೀನಾಗೆ ಫೋನ್ ಮಾಡಿ ಕೇಳೇ, ಎಷ್ಟೊತ್ತು ನೆನೆ ಹಾಕಿದ್ಳು ಅಂತ."

ಅವಳನ್ನು ಕೇಳುವುದಾ? ನಾನು ಫೋನ್ ತರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಇವರ ಪಕ್ಕ ಕೂತೆ. ಬಕೆಟ್ಟಿನಲ್ಲಿ ಉಳಿದಿದ್ದ ಒಂದು ಬಿಲ್ಲೆ ತೆಗೆದುಕೊಂಡು, ಉಗುರು ಕಿತ್ತು ಬರುವ ಹಾಗೆ ಅದರ ಚಕ್ರವನ್ನು ತಳ್ಳತೊಡಗಿದೆ.